ಸಬ್‌ವರ್ಶನ್‌ನಿಂದ ಗಿಟ್‌ಗೆ: ಕಮಿಟ್ ಇತಿಹಾಸ ಕೆಡದಂತೆ ಸಾಗಿಸುವ ಬಗೆ

ಹಾಲಿನ ಸಹಕಾರ ಸಂಘಗಳ ಲೆಕ್ಕ ಇಡುವ ಒಂದು ತಂತ್ರಾಂಶದ ಮೇಲೆ ನಾನು ಕೆಲವು ವರ್ಷ ಕೆಲಸ ಮಾಡಿದ್ದೆ. ಲ್ಯಾಕ್ಟೋಮೀಟರಿನ ಅಂಕಿ ಮತ್ತು ಕೊಬ್ಬಿನ ಪ್ರಮಾಣದಿಂದ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಲೆಕ್ಕ ಹಾಕುವ ಒಂದು ಸಾಲು ಅದರಲ್ಲಿತ್ತು. ಸೂತ್ರದ ಕೊನೆಗೆ ಕೂಡಿಸುವ ಸ್ಥಿರಾಂಕ 0.36. ಹೊಸ ಗ್ರಾಹಕರೊಬ್ಬರು ಕಳುಹಿಸಿದ ಸೂತ್ರದಲ್ಲಿ ಬೇರೆಯೇ ಸಂಖ್ಯೆ ಇತ್ತು. ನಮ್ಮ ಸಂಖ್ಯೆಯನ್ನು ಯಾರು, ಯಾವಾಗ, ಏಕೆ ಬರೆದರು ಎಂದು ನೋಡಲು ಗಿಟ್ ಬ್ಲೇಮ್ ಓಡಿಸಿದೆ. ಗಿಟ್ ಎಂದರೆ ಕೋಡ್‌ನ ಪ್ರತಿ ಬದಲಾವಣೆಯನ್ನೂ ‘ಕಮಿಟ್’ ಆಗಿ ದಾಖಲಿಸುವ ತಂತ್ರಾಂಶ, ಬ್ಲೇಮ್ ಎಂದರೆ ಪ್ರತಿ ಸಾಲನ್ನು ಕೊನೆಗೆ ಬದಲಿಸಿದವರನ್ನು ತೋರಿಸುವ ಅದರ ಆಜ್ಞೆ. ಆ ಸಾಲಿನ ಮುಂದೆಯೂ ಅದರ ಹಿಂದುಮುಂದಿನ ಸಾಲುಗಳ ಮುಂದೆಯೂ, ಇಡೀ ಕಡತದ ಉದ್ದಕ್ಕೂ, ಒಂದೇ ಹೆಸರು, ಒಂದೇ ದಿನಾಂಕ, ಒಂದೇ ಸಂದೇಶ: ‘ಇನಿಶಿಯಲ್ ಕಮಿಟ್’. ಇದೇ ಕೆಲಸದ ಹಳೆಯ ತಂತ್ರಾಂಶವಾದ ಸಬ್‌ವರ್ಶನ್ ಬಿಟ್ಟು ಗಿಟ್‌ಗೆ ಬಂದ ದಿನ ಕಡತಗಳ ಕೊನೆಯ ಸ್ಥಿತಿಯನ್ನಷ್ಟೇ ನಕಲು ಮಾಡಿ ಸುರಿದಿದ್ದರು. ಹಳೆಯ ಸರ್ವರ್ ಅಷ್ಟರಲ್ಲಿ ಗುಜರಿ ಸೇರಿತ್ತು. ಆ ಸ್ಥಿರಾಂಕ ಸರಿಯೆಂದು ಖಚಿತಪಡಿಸಿಕೊಳ್ಳಲು ನಮಗೆ ಮೂರು ವಾರ ಹಿಡಿಯಿತು. ಹಳ್ಳಿಯ ರೈತರ ಕೈಗೆ ಹೋಗುವ ದುಡ್ಡು ಆ ಒಂದು ಸಾಲಿನ ಮೇಲೆ ನಿಂತಿತ್ತು.

ಅಂದಿನಿಂದ ಇಂಥ ಮೂರು ಸ್ಥಳಾಂತರಗಳಲ್ಲಿ ನಾನೇ ಮುಂದೆ ನಿಂತು ಕೆಲಸ ಮಾಡಿದ್ದೇನೆ. ಆ ಅನುಭವದಿಂದ ಗಟ್ಟಿಯಾದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಆಜ್ಞೆಗಳ ಹೆಸರನ್ನು ಉಚ್ಚಾರಣೆಯಂತೆ ಕೊಟ್ಟಿದ್ದೇನೆ. ಗಿಟ್, ಸಬ್‌ವರ್ಶನ್ ಮತ್ತು ಇಲ್ಲಿ ಹೆಸರಿಸುವ ಉಪಕರಣಗಳ ಸಹಾಯ ಪುಟಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಓದಿದರೆ ಪ್ರತಿಯೊಂದೂ ಅಲ್ಲೇ ಸಿಗುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನ ಎರಡು ಮಾತು. ಶುಚಿಯಾದ ಇತಿಹಾಸದಲ್ಲಿ ಪ್ರತಿ ಕಮಿಟ್ ಕೂಡ ಯಾರು, ಯಾವಾಗ, ಏನನ್ನು, ಏಕೆ ಬದಲಿಸಿದರು ಎಂಬುದಕ್ಕೆ ಸುಳ್ಳಿಲ್ಲದ ಉತ್ತರ ಕೊಡುತ್ತದೆ. ಹಳೆಯ ಉಪಕರಣದಿಂದ ಅಂಟಿಕೊಂಡು ಬಂದ ಕಸವನ್ನು ತೆಗೆಯಿರಿ. ಜನರು ಮಾಡಿದ ಕೆಲಸವನ್ನು, ಅವರ ತಪ್ಪುಗಳನ್ನೂ ಸೇರಿಸಿ, ಹಾಗೆಯೇ ಬಿಡಿ. ಎರಡನೆಯದು ಸಮಯದ ವಿಚಾರ. ಗಿಟ್‌ನಲ್ಲಿ ಕಮಿಟ್‌ನ ಹ್ಯಾಶ್ (ಅದನ್ನು ಗುರುತಿಸುವ ಉದ್ದನೆಯ ಸಂಕೇತ) ಅದರ ಕಡತಗಳು, ಲೇಖಕ, ದಿನಾಂಕ, ಸಂದೇಶ ಮತ್ತು ಹಿಂದಿನ ಕಮಿಟ್ ಇವೆಲ್ಲದರಿಂದ ಹುಟ್ಟುತ್ತದೆ. 2006ರ ಒಂದು ಕಮಿಟ್‌ನಲ್ಲಿ ಒಂದಕ್ಷರ ತಿದ್ದಿದರೂ ಅಲ್ಲಿಂದ ಇಲ್ಲಿಯವರೆಗಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ. ಆದ್ದರಿಂದ ಶುಚಿಗೊಳಿಸುವ ಕೆಲಸವೆಲ್ಲ ತಂಡದ ಕೈಗೆ ರೆಪೊಸಿಟರಿ (ಕಡತಗಳೂ ಅವುಗಳ ಇತಿಹಾಸವೂ ಇರುವ ಭಂಡಾರ) ಕೊಡುವ ಮೊದಲೇ ಮುಗಿಯಬೇಕು.

ಎಷ್ಟು ಇತಿಹಾಸ ತರಬೇಕು

ಪೂರ್ತಿ ತನ್ನಿ ಎಂದೇ ನನ್ನ ಸಲಹೆ. ಇದಕ್ಕೆ ವಿರುದ್ಧವಾಗಿ ಎಲ್ಲರೂ ಕೊಡುವ ಉದಾಹರಣೆ ಲಿನಕ್ಸ್ ಕರ್ನಲ್. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆದು, ಅದೇ ತಿಂಗಳು 2.6.12ರ ಎರಡನೇ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ) ಸ್ಥಿತಿಯಿಂದ ಕರ್ನಲ್ ರೆಪೊಸಿಟರಿ ಆರಂಭಿಸಿದರು. ಪೂರ್ಣ ಇತಿಹಾಸ ಕೈಯಲ್ಲಿದ್ದರೂ ತರುತ್ತಿಲ್ಲ, ತಂದರೆ ಸುಮಾರು 3.2 ಜಿಬಿ ಆಗುತ್ತದೆ ಎಂದು ಆ ಮೊದಲ ಕಮಿಟ್‌ನ ಸಂದೇಶದಲ್ಲೇ ಬರೆದಿದ್ದಾರೆ. ಆಗ ಗಿಟ್ ಹುಟ್ಟಿ ಕೆಲವೇ ದಿನಗಳಾಗಿದ್ದವು, ಅಷ್ಟು ಭಾರ ಹೊರುವ ವ್ಯವಸ್ಥೆ ಇನ್ನೂ ಇರಲಿಲ್ಲ. ಹಳೆಯ ಇತಿಹಾಸವನ್ನು ಬೇರೆ ರೆಪೊಸಿಟರಿಯಾಗಿ ಆಮೇಲೆ ಕಟ್ಟಬಹುದು ಎಂದೂ ಅಲ್ಲಿಯೇ ಹೇಳಿದ್ದರು, ಹಾಗೆ ಕಟ್ಟಿದ್ದೂ ಆಯಿತು. ಗಿಟ್ ರಿಪ್ಲೇಸ್ ಆಜ್ಞೆಯ ಗ್ರಾಫ್ಟ್ ಆಯ್ಕೆಯಿಂದ ಅವೆರಡನ್ನೂ ಬೆಸೆದು ಓದಬಹುದು.

ಇಂದು ನಮಗೆ ಆ ಅಡಚಣೆ ಇಲ್ಲ. ಕಂಪೈಲರ್ ಯೋಜನೆಗಳಾದ ಎಲ್‌ಎಲ್‌ವಿಎಂ 2019ರ ಅಕ್ಟೋಬರ್‌ನಲ್ಲಿ, ಜಿಸಿಸಿ 2020ರ ಜನವರಿಯಲ್ಲಿ, ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿ ತನ್ನ ಮುಖ್ಯ ಆಕರವನ್ನು 2020ರ ಡಿಸೆಂಬರ್‌ನಲ್ಲಿ ಸಬ್‌ವರ್ಶನ್‌ನಿಂದ ಗಿಟ್‌ಗೆ ತಂದವು. ಮೂರು ಯೋಜನೆಗಳೂ ಹಲವು ವರ್ಷಗಳ ಇತಿಹಾಸವನ್ನು ಹೊತ್ತು ತಂದವು. ಪೈಥಾನ್ ಭಾಷೆಯ ಯೋಜನೆ ಸಿವಿಎಸ್, ಸಬ್‌ವರ್ಶನ್, ಮರ್ಕ್ಯುರಿಯಲ್ ಎಂಬ ಇಂಥ ಮೂರು ವ್ಯವಸ್ಥೆಗಳನ್ನು ದಾಟಿ 2017ರಲ್ಲಿ ಗಿಟ್‌ಗೆ ಬಂತು. ಇವತ್ತು ಅದರ ರೆಪೊಸಿಟರಿಯ ಲಾಗ್ ತೆರೆದರೆ 1990ರ ಕಮಿಟ್‌ಗಳು ಕಾಣುತ್ತವೆ. ಅಷ್ಟು ದೊಡ್ಡ ಯೋಜನೆಗಳು ಇಷ್ಟು ಕೈ ಬದಲಿಸಿಯೂ ಉಳಿಸಿಕೊಂಡವು ಎಂದ ಮೇಲೆ ಹದಿನೈದು ಸಾವಿರ ರಿವಿಷನ್‌ಗಳ (ಸಬ್‌ವರ್ಶನ್‌ನಲ್ಲಿ ಕಮಿಟ್‌ಗೆ ಇರುವ ಹೆಸರು) ನಮ್ಮ ಯೋಜನೆಗೆ ನೆಪ ಹೇಳುವುದು ನ್ಯಾಯವಲ್ಲ.

ಸ್ಥಳೀಯ ನಕಲು

ನಡೆಯುತ್ತಿರುವ ಸರ್ವರಿನ ಮೇಲೆ ನೇರವಾಗಿ ಪರಿವರ್ತನೆ ಓಡಿಸಬೇಡಿ. ಸರ್ವರಿಗೆ ಪ್ರವೇಶವಿದ್ದರೆ ಎಸ್‌ವಿಎನ್ (ಸಬ್‌ವರ್ಶನ್‌ನ ಚಿಕ್ಕ ಹೆಸರು) ಅಡ್ಮಿನ್‌ನ ಹಾಟ್‌ಕಾಪಿ ಸಾಕು. ಇಲ್ಲದಿದ್ದರೆ ನಿಮ್ಮ ಯಂತ್ರದಲ್ಲಿ ಖಾಲಿ ರೆಪೊಸಿಟರಿ ಮಾಡಿ, ರಿವಿಷನ್ ಗುಣಗಳನ್ನು ಬದಲಿಸಲು ಅನುಮತಿ ಕೊಡುವ ಹುಕ್ (ತಾನಾಗಿ ಓಡುವ ಚಿಕ್ಕ ಸ್ಕ್ರಿಪ್ಟ್) ಹಾಕಿ, ಎಸ್‌ವಿಎನ್ ಸಿಂಕ್‌ನಿಂದ ತುಂಬಿಕೊಳ್ಳಿ. ಪರಿವರ್ತನೆ ಮಾಡುವ ಗಿಟ್ ಎಸ್‌ವಿಎನ್ ಉಪಕರಣ ಒಂದೊಂದೇ ರಿವಿಷನ್ ತರುವುದರಿಂದ ಜಾಲದ ಮೇಲೆ ತುಂಬಾ ನಿಧಾನ. ನೀವು ಈ ಪರಿವರ್ತನೆಯನ್ನು ಒಮ್ಮೆಯಲ್ಲ, ಎಂಟು ಹತ್ತು ಸಲ ಓಡಿಸುತ್ತೀರಿ. ಪ್ರತಿ ಸಲವೂ ಒಂದು ತಪ್ಪು ಕಾಣುತ್ತದೆ, ತಿದ್ದಿ ಮತ್ತೆ ಮೊದಲಿನಿಂದ ಓಡಿಸಬೇಕಾಗುತ್ತದೆ. ಅದಕ್ಕಾಗಿಯೇ ಎಲ್ಲ ಹೆಜ್ಜೆಗಳನ್ನೂ ಮೊದಲ ದಿನದಿಂದ ಒಂದು ಸ್ಕ್ರಿಪ್ಟ್‌ನಲ್ಲಿ ಬರೆದಿಡಿ. ಕೈಯಿಂದ ಮಾಡಿದ ಒಂದೇ ಒಂದು ತಿದ್ದುಪಡಿ ಇದ್ದರೂ ಕೊನೆಯ ದಿನ ಅದು ಮರೆತುಹೋಗುತ್ತದೆ.

ಹಳೆಯ ರೆಪೊಸಿಟರಿಯ ನಕ್ಷೆ

ಸಬ್‌ವರ್ಶನ್‌ಗೆ ಬ್ರ್ಯಾಂಚ್ (ಕೆಲಸದ ಪ್ರತ್ಯೇಕ ಕವಲು), ಟ್ಯಾಗ್ (ಒಂದು ಬಿಡುಗಡೆಯ ಗುರುತು) ಎಂಬ ಪ್ರತ್ಯೇಕ ವಸ್ತುಗಳಿಲ್ಲ. ಎಲ್ಲವೂ ಫೋಲ್ಡರ್‌ಗಳ ನಕಲು. ಟ್ರಂಕ್ (ಮುಖ್ಯ ಸಾಲು), ಬ್ರ್ಯಾಂಚಸ್, ಟ್ಯಾಗ್ಸ್ ಎಂಬ ಮೂರು ಫೋಲ್ಡರ್‌ಗಳು ಬರೀ ರೂಢಿ. ಆ ರೂಢಿಯನ್ನು ಜನರು ಎಲ್ಲಿ ಮುರಿದಿದ್ದಾರೆ ಎಂದು ಪತ್ತೆ ಹಚ್ಚುವುದೇ ಈ ಹೆಜ್ಜೆ. ಎಸ್‌ವಿಎನ್ ಲಾಗ್ ಅನ್ನು ವರ್ಬೋಸ್ ಆಯ್ಕೆಯೊಂದಿಗೆ ಒಂದು ಕಡತಕ್ಕೆ ಇಳಿಸಿಕೊಂಡು, ಫೋಲ್ಡರ್ ನಕಲಾದ ಸಾಲುಗಳನ್ನು ಹುಡುಕಿ.

ನಾನು ಮಾಡಿದ ಮೊದಲ ಸ್ಥಳಾಂತರದಲ್ಲಿ ಪರಿವರ್ತಿತ ಇತಿಹಾಸ ರಿವಿಷನ್ 412ರಿಂದ ಶುರುವಾಗಿತ್ತು. ಅದಕ್ಕೂ ಹಿಂದಿನ ಒಂದೂವರೆ ವರ್ಷ ಕಾಣೆಯಾಗಿತ್ತು. ವರ್ಬೋಸ್ ಲಾಗ್ ನೋಡಿದಾಗ ತಿಳಿಯಿತು: ಯೋಜನೆ ಆರಂಭದಲ್ಲಿ ರೆಪೊಸಿಟರಿಯ ಬುಡದಲ್ಲೇ ಇತ್ತು, 412ರಲ್ಲಿ ಯಾರೋ ಟ್ರಂಕ್ ಮಾಡಿ ಎಲ್ಲವನ್ನೂ ಅದರೊಳಗೆ ಸರಿಸಿದ್ದರು. ರೂಢಿಯ ವಿನ್ಯಾಸ ಎಂದು ಹೇಳಿ ಓಡಿಸಿದರೆ ಗಿಟ್ ಎಸ್‌ವಿಎನ್ ಟ್ರಂಕ್ ಹುಟ್ಟಿದ ಮೇಲಿನದನ್ನಷ್ಟೇ ನೋಡುತ್ತದೆ, ಎಚ್ಚರಿಕೆ ಕೊಡುವುದಿಲ್ಲ. ಮೊದಲ ಕಮಿಟ್‌ನ ದಿನಾಂಕವನ್ನು ಹಳೆಯ ರೆಪೊಸಿಟರಿಯ ಮೊದಲ ರಿವಿಷನ್ ಜೊತೆ ಹೋಲಿಸುವ ಅಭ್ಯಾಸ ನನಗೆ ಅಂದು ಬಂತು.

ಉಪಕರಣದ ಆಯ್ಕೆ ಈ ನಕ್ಷೆಯ ಮೇಲೆ ನಿಂತಿದೆ. ಒಂದೇ ಯೋಜನೆ, ರೂಢಿಯ ಮೂರು ಫೋಲ್ಡರ್ ಆಗಿದ್ದರೆ ಗಿಟ್‌ನೊಂದಿಗೇ ಬರುವ ಗಿಟ್ ಎಸ್‌ವಿಎನ್ ಸಾಕು. ಹಲವು ಲಿನಕ್ಸ್ ವಿತರಣೆಗಳಲ್ಲಿ ಅದು ಬೇರೆ ಪ್ಯಾಕೇಜ್ ಆಗಿರುತ್ತದೆ. ಒಂದೇ ರೆಪೊಸಿಟರಿಯಲ್ಲಿ ಹತ್ತಾರು ಯೋಜನೆಗಳಿದ್ದರೆ, ಅಥವಾ ವಿನ್ಯಾಸ ನಡುವೆ ಬದಲಾಗಿದ್ದರೆ, ಕೆಡಿಇ ಸಮುದಾಯ ಬೆಳೆಸಿದ ಎಸ್‌ವಿಎನ್ ಆಲ್ ಫಾಸ್ಟ್ ಎಕ್ಸ್‌ಪೋರ್ಟ್ ಬಳಸಿ. ಯಾವ ಹಾದಿ, ಯಾವ ರಿವಿಷನ್‌ನಿಂದ ಯಾವ ರಿವಿಷನ್‌ವರೆಗೆ, ಯಾವ ಬ್ರ್ಯಾಂಚಿಗೆ ಸೇರಬೇಕು ಎಂಬ ನಿಯಮಗಳನ್ನು ನೀವೇ ಬರೆದುಕೊಡುತ್ತೀರಿ. ಅದು ರೆಪೊಸಿಟರಿಯನ್ನು ಡಿಸ್ಕ್‌ನಿಂದ ನೇರವಾಗಿ ಓದುತ್ತದೆ, ಬಹಳ ವೇಗ. ಇನ್ನೂ ಸಿಕ್ಕುಬಿದ್ದ ಇತಿಹಾಸಕ್ಕೆ ಎರಿಕ್ ರೇಮಂಡ್ ಅವರ ರೆಪೊಸರ್ಜನ್ ಇದೆ. ಜಿಸಿಸಿಯ ಸ್ಥಳಾಂತರಕ್ಕೆ ಬಳಸಿದ್ದು ಅದನ್ನೇ. ಅದನ್ನು ಕಲಿಯಲು ಸಮಯ ಬೇಕು, ಸಣ್ಣ ಯೋಜನೆಗೆ ಅದರ ಅಗತ್ಯ ಬೀಳದು.

ಮರ್ಕ್ಯುರಿಯಲ್‌ನಿಂದ ಬರುವವರ ದಾರಿ ಹಗುರ, ಏಕೆಂದರೆ ಎರಡರ ಮಾದರಿಯೂ ಒಂದೇ ಬಗೆಯದು. ಸಿವಿಎಸ್‌ನಿಂದ ಬರುವವರ ದಾರಿ ಕಠಿಣ: ಅಲ್ಲಿ ಪ್ರತಿ ಕಡತಕ್ಕೂ ಪ್ರತ್ಯೇಕ ಇತಿಹಾಸವಿದ್ದು, ಲೇಖಕ, ಸಂದೇಶ ಮತ್ತು ಸಮಯದ ಹೊಂದಾಣಿಕೆ ನೋಡಿ ಯಾವ ಬದಲಾವಣೆಗಳು ಒಂದೇ ಕಮಿಟ್ ಎಂದು ಉಪಕರಣವೇ ಊಹಿಸಬೇಕು.

ಲೇಖಕರ ಪಟ್ಟಿ

ಸಬ್‌ವರ್ಶನ್‌ನಲ್ಲಿ ಲೇಖಕ ಎಂದರೆ ಒಂದು ಲಾಗಿನ್ ಹೆಸರು. ಗಿಟ್‌ಗೆ ಪೂರ್ಣ ಹೆಸರು ಮತ್ತು ಇಮೇಲ್ ಬೇಕು. ಲಾಗ್‌ನಿಂದ ಲಾಗಿನ್ ಹೆಸರುಗಳನ್ನು ತೆಗೆದು, ವಿಂಗಡಿಸಿ, ಪುನರಾವರ್ತನೆ ಬಿಟ್ಟು ಒಂದು ಪಟ್ಟಿ ಮಾಡಿ. ಪ್ರತಿ ಸಾಲಿನಲ್ಲಿ ಲಾಗಿನ್ ಹೆಸರು, ಸಮ ಚಿಹ್ನೆ, ಪೂರ್ಣ ಹೆಸರು, ಕೋನಾವರಣದಲ್ಲಿ ಇಮೇಲ್. ಇದನ್ನು ಆಥರ್ಸ್ ಫೈಲ್ ಆಯ್ಕೆಯಾಗಿ ಕೊಟ್ಟರೆ, ಪಟ್ಟಿಯಲ್ಲಿಲ್ಲದ ಹೆಸರು ಎದುರಾದಾಗ ಗಿಟ್ ಎಸ್‌ವಿಎನ್ ಅಲ್ಲೇ ನಿಲ್ಲುತ್ತದೆ. ಹಾಗೆ ನಿಲ್ಲುವುದು ಒಳ್ಳೆಯದೇ. ಲೇಖಕರೇ ಇಲ್ಲದ ರಿವಿಷನ್‌ಗಳೂ ಇರುತ್ತವೆ, ಅವಕ್ಕೂ ಒಂದು ಸಾಲು ಬರೆಯಬೇಕು.

ಈ ಪಟ್ಟಿ ಮಾಡುವುದನ್ನು ಬೇಸರದ ಕೆಲಸವೆಂದು ಹೊಸಬರ ತಲೆಗೆ ಕಟ್ಟುವುದನ್ನು ನೋಡಿದ್ದೇನೆ. ಅದು ತಂಡದಲ್ಲಿ ಎಲ್ಲರಿಗಿಂತ ಹಳಬರು ಮಾಡಬೇಕಾದ ಕೆಲಸ. ನಮ್ಮಲ್ಲಿ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರ ಸೇರಿಸಿ ಹೆಸರು ಬರೆಯುವವರೇ ಹೆಚ್ಚು. ಒಂದು ಯೋಜನೆಯಲ್ಲಿ ಮೂವರು ಮಂಜುನಾಥರಿದ್ದರು, ಇಬ್ಬರಿಗೆ ಒಂದೇ ಇನಿಶಿಯಲ್. ಲಾಗಿನ್‌ನಲ್ಲಿದ್ದ ಒಂದು ಅಂಕಿಯೇ ಅವರ ನಡುವಿನ ಗುರುತು. ಬೇರೆ ಬೇರೆ ವರ್ಷಗಳಲ್ಲಿ ಎರಡು ಲಾಗಿನ್ ಪಡೆದ ಒಬ್ಬರೂ ಇದ್ದರು. ಇದನ್ನೆಲ್ಲ ಬಿಡಿಸಿ ಹೇಳಿದ್ದು ಹನ್ನೆರಡು ವರ್ಷದಿಂದ ಅಲ್ಲಿದ್ದ ಒಬ್ಬ ಟೆಸ್ಟರ್ ಅಕ್ಕ.

ಕೆಲಸ ಬಿಟ್ಟುಹೋದವರನ್ನು ಸಾಧ್ಯವಾದರೆ ಕೇಳಿ: ಯಾವ ಹೆಸರು, ಯಾವ ಇಮೇಲ್ ಹಾಕಲಿ ಎಂದು. ರೆಪೊಸಿಟರಿ ಸಾರ್ವಜನಿಕವಾಗುವುದಿದ್ದರೆ ಕೇಳದೆ ಅವರ ಖಾಸಗಿ ವಿಳಾಸ ಹಾಕಬೇಡಿ. ಅಡ್ಮಿನ್, ಬಿಲ್ಡ್ ಎಂಬಂಥ ಹಂಚಿಕೆಯ ಖಾತೆಗಳಿಂದ ಬಂದ ಕಮಿಟ್‌ಗಳನ್ನು ಇವರೇ ಇರಬಹುದು ಎಂದು ಯಾರ ಹೆಸರಿಗೂ ಬರೆಯಬೇಡಿ. ಆ ಖಾತೆಯ ಹೆಸರಿನಲ್ಲೇ ಇರಲಿ. ಎಷ್ಟು ಎಚ್ಚರ ವಹಿಸಿದರೂ ಒಂದೆರಡು ತಪ್ಪು ಉಳಿದೇ ಉಳಿಯುತ್ತವೆ. ಅವನ್ನು ಆಮೇಲೆ ಮೇಲ್‌ಮ್ಯಾಪ್ ಕಡತದಿಂದ, ಇತಿಹಾಸ ಮುಟ್ಟದೆ, ಲಾಗ್‌ನಲ್ಲಿ ಸರಿಯಾಗಿ ತೋರಿಸಬಹುದು.

ಪರಿವರ್ತನೆ, ಮತ್ತು ರಿವಿಷನ್ ಸಂಖ್ಯೆ

ಈಗ ಗಿಟ್ ಎಸ್‌ವಿಎನ್ ಕ್ಲೋನ್ ಓಡಿಸಿ: ರೂಢಿಯ ವಿನ್ಯಾಸದ ಆಯ್ಕೆ, ಲೇಖಕರ ಕಡತ, ಸ್ಥಳೀಯ ನಕಲಿನ ವಿಳಾಸ. ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ನೋಡುವುದು ಸಾಮಾನ್ಯ.

ಈ ಘಟ್ಟದಲ್ಲಿ ನೋ ಮೆಟಾಡೇಟಾ ಎಂಬ ಆಯ್ಕೆಯನ್ನು ಹಾಕಲು ಹಲವು ಬರಹಗಳು ಹೇಳುತ್ತವೆ. ಹಾಕಿದರೆ ಪ್ರತಿ ಸಂದೇಶದ ಕೊನೆಗೆ ಬರುವ ಉದ್ದನೆಯ ಸಬ್‌ವರ್ಶನ್ ಗುರುತಿನ ಸಾಲು ಬರುವುದಿಲ್ಲ, ಲಾಗ್ ಚೊಕ್ಕವಾಗಿ ಕಾಣುತ್ತದೆ. ನಾನು ಇದಕ್ಕೆ ಪೂರ್ತಿ ವಿರೋಧಿ. ನಿಮ್ಮ ಹಳೆಯ ದೋಷಪಟ್ಟಿ, ಪತ್ರವ್ಯವಹಾರ, ಕೋಡ್‌ನೊಳಗಿನ ಟಿಪ್ಪಣಿಗಳಲ್ಲಿ ‘ರಿವಿಷನ್ 4821ರಲ್ಲಿ ಸರಿಪಡಿಸಿದೆ’ ಎಂದು ನೂರಾರು ಕಡೆ ಇರುತ್ತದೆ. ಆ ಸಾಲು ಹೋದರೆ 4821 ಎಂದರೆ ಏನೆಂದು ಹೇಳುವವರು ಯಾರೂ ಉಳಿಯುವುದಿಲ್ಲ. ಇದೇ ಕಾರಣಕ್ಕೆ ಈ ಆಯ್ಕೆ ಬೇಡ ಎಂದು ಗಿಟ್‌ನ ಕೈಪಿಡಿಯೇ ಹೇಳುತ್ತದೆ. ಪರಿವರ್ತನೆಯ ಹೊತ್ತಿಗೆ ಉದ್ದನೆಯ ಸಾಲನ್ನು ಇಟ್ಟುಕೊಳ್ಳಿ, ಶುಚಿ ಮಾಡುವಾಗ ಅದನ್ನು ಚಿಕ್ಕದು ಮಾಡಿ. ಎಲ್‌ಎಲ್‌ವಿಎಂ ಮಾಡಿದ್ದು ಹಾಗೆಯೇ: ಅದರ ಹಳೆಯ ಕಮಿಟ್ ಸಂದೇಶಗಳ ಕೊನೆಯಲ್ಲಿ ‘ಎಲ್‌ಎಲ್‌ವಿಎಂ ಎಸ್‌ವಿಎನ್’ ಎಂಬ ಗುರುತು ಮತ್ತು ಸಂಖ್ಯೆ ಮಾತ್ರ ಇದೆ. ಜಿಸಿಸಿಯದರಲ್ಲಿ ‘ಫ್ರಮ್ ಎಸ್‌ವಿಎನ್’ ಮತ್ತು ಸಂಖ್ಯೆ. ಗಿಟ್ ಲಾಗ್‌ನ ಗ್ರೆಪ್ ಆಯ್ಕೆಯಲ್ಲಿ ಸಂಖ್ಯೆ ಕೊಟ್ಟರೆ ಒಂದು ಕ್ಷಣದಲ್ಲಿ ಕಮಿಟ್ ಸಿಗುತ್ತದೆ.

ಸಮಯದ ಬಗ್ಗೆ ಒಂದು ಮಾತು. ಸಬ್‌ವರ್ಶನ್ ಸಮಯವನ್ನು ಯುಟಿಸಿಯಲ್ಲಿ ಇಡುತ್ತದೆ, ಗಿಟ್ ಎಸ್‌ವಿಎನ್ ಅದನ್ನು ಹಾಗೆಯೇ ತರುತ್ತದೆ. ಬೆಂಗಳೂರಿನಲ್ಲಿ ರಾತ್ರಿ 11ಕ್ಕೆ ಮಾಡಿದ ಕಮಿಟ್ 17:30 ಎಂದು ಕಾಣುತ್ತದೆ. ಗಾಬರಿ ಬೇಡ, ಅದು ಸರಿಯಾದ ಕ್ಷಣವೇ. ತಂಡದ ಸದಸ್ಯರು ಹಲವು ದೇಶಗಳಲ್ಲಿದ್ದಿದ್ದರೆ ಎಲ್ಲವನ್ನೂ ಭಾರತೀಯ ಸಮಯಕ್ಕೆ ತಿರುಗಿಸುವುದಕ್ಕಿಂತ ಯುಟಿಸಿಯೇ ಪ್ರಾಮಾಣಿಕ.

ಟ್ಯಾಗ್‌ಗಳು, ಬ್ರ್ಯಾಂಚ್‌ಗಳು

ಅವಸರದ ಸ್ಥಳಾಂತರಗಳು ಹೆಚ್ಚಾಗಿ ಎಡವುವುದು ಇಲ್ಲಿ. ಗಿಟ್ ಎಸ್‌ವಿಎನ್ ತಂದ ಟ್ಯಾಗ್‌ಗಳು ನಿಜವಾದ ಗಿಟ್ ಟ್ಯಾಗ್‌ಗಳಲ್ಲ, ಅವು ದೂರದ ಬ್ರ್ಯಾಂಚ್‌ಗಳಾಗಿ ಬಂದಿರುತ್ತವೆ. ಅವನ್ನು ಗಿಟ್ ಟ್ಯಾಗ್‌ಗಳಾಗಿ ಬದಲಿಸುವ ಚಿಕ್ಕ ಸ್ಕ್ರಿಪ್ಟ್ ಎಲ್ಲರೂ ಬರೆಯುತ್ತಾರೆ. ಆದರೆ ಆ ಟ್ಯಾಗ್ ಎಲ್ಲಿಗೆ ಬೆರಳು ತೋರುತ್ತದೆ ಎಂದು ನೋಡುವವರು ಕಡಿಮೆ.

ಸಬ್‌ವರ್ಶನ್‌ನಲ್ಲಿ ಟ್ಯಾಗ್ ಮಾಡುವುದೂ ಒಂದು ಕಮಿಟ್. ಹಾಗಾಗಿ ‘2.3 ಬಿಡುಗಡೆಯ ಟ್ಯಾಗ್’ ಎಂಬ ಸಂದೇಶದ ಒಂದು ಒಂಟಿ ಕಮಿಟ್ ಮುಖ್ಯ ಸಾಲಿನಿಂದ ಪಕ್ಕಕ್ಕೆ ಚಿಗುರಿ ನಿಂತಿರುತ್ತದೆ. ಟ್ಯಾಗ್ ಅದರ ಮೇಲೆ ಕುಳಿತರೆ ಮುಖ್ಯ ಬ್ರ್ಯಾಂಚಿನಿಂದ ನೋಡುವವರಿಗೆ ಆ ಟ್ಯಾಗ್ ಸಿಗುವುದಿಲ್ಲ, ಹತ್ತಿರದ ಟ್ಯಾಗ್ ಹೇಳುವ ಗಿಟ್ ಡಿಸ್ಕ್ರೈಬ್ ಆಜ್ಞೆ ತಪ್ಪು ಉತ್ತರ ಕೊಡುತ್ತದೆ. ಪ್ರತಿ ಟ್ಯಾಗ್‌ಗೂ ಹೀಗೆ ಮಾಡಿ: ಟ್ಯಾಗ್ ಕಮಿಟ್‌ಗೂ ಅದರ ಹಿಂದಿನ ಕಮಿಟ್‌ಗೂ ಡಿಫ್ ನೋಡಿ. ಏನೂ ವ್ಯತ್ಯಾಸವಿಲ್ಲದಿದ್ದರೆ ಟ್ಯಾಗನ್ನು ಹಿಂದಿನ ಕಮಿಟ್ ಮೇಲಿಡಿ, ಒಂಟಿ ಕಮಿಟ್ ತಾನಾಗಿ ಉದುರಿಹೋಗುತ್ತದೆ. ಮೂಲ ಸಂದೇಶ, ಟ್ಯಾಗ್ ಮಾಡಿದವರ ಹೆಸರು, ದಿನಾಂಕವನ್ನು ಟಿಪ್ಪಣಿ ಸಹಿತ ಟ್ಯಾಗ್‌ನಲ್ಲಿ ಉಳಿಸಿ. ಡಿಫ್‌ನಲ್ಲಿ ವ್ಯತ್ಯಾಸ ಕಂಡರೆ ಯಾರೋ ಟ್ಯಾಗ್ ಫೋಲ್ಡರಿಗೇ ತಿದ್ದುಪಡಿ ಹಾಕಿದ್ದಾರೆ ಎಂದರ್ಥ. ಗ್ರಾಹಕರಿಗೆ ಹೋದದ್ದು ಆ ತಿದ್ದಿದ ಪ್ರತಿಯೇ, ಹಾಗಾಗಿ ಆ ಕಮಿಟ್ ಉಳಿಯಲೇಬೇಕು. ನಮ್ಮ 61 ಟ್ಯಾಗ್‌ಗಳಲ್ಲಿ ನಾಲ್ಕು ಹೀಗಿದ್ದವು. ಒಂದರಲ್ಲಿ ರಶೀದಿಯ ಮೇಲೆ ಸಂಘದ ಹೆಸರನ್ನು ತಿದ್ದಿದ್ದರು, ಆ ತಿದ್ದುಪಡಿ ಟ್ರಂಕ್‌ಗೆ ಎಂದೂ ಬಂದೇ ಇರಲಿಲ್ಲ.

ಹೆಸರಿನ ಕೊನೆಗೆ ಅಟ್ ಚಿಹ್ನೆ ಮತ್ತು ಸಂಖ್ಯೆ ಇರುವ ಬ್ರ್ಯಾಂಚ್‌ಗಳೂ ಕಾಣಬಹುದು. ಬ್ರ್ಯಾಂಚನ್ನು ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಮಾಡಿದಾಗ, ಅಥವಾ ಒಂದು ಉಪಫೋಲ್ಡರನ್ನಷ್ಟೇ ನಕಲು ಮಾಡಿದಾಗ ಇವು ಹುಟ್ಟುತ್ತವೆ. ಒಳಗೆ ಬೇರೆಲ್ಲೂ ಇಲ್ಲದ ಕಮಿಟ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ತೆಗೆಯಿರಿ. ವರ್ಷಗಳ ಹಿಂದೆ ಸತ್ತ ಬ್ರ್ಯಾಂಚ್‌ಗಳನ್ನು ಹೊಸ ರೆಪೊಸಿಟರಿಯ ಪಟ್ಟಿಯಲ್ಲಿ ತುಂಬಬೇಡಿ. ವಿಲೀನವಾಗದೆ ಉಳಿದ ಕೆಲಸವಿದ್ದರೆ ‘ಹಳೆಯದು’ ಎಂಬ ಪೂರ್ವಪದದೊಂದಿಗೆ ಟ್ಯಾಗ್ ಆಗಿ ಇಡಿ.

ವಿಲೀನಗಳ ವಿಷಯಕ್ಕೆ ಬಂದರೆ, ಸಬ್‌ವರ್ಶನ್ ಮರ್ಜ್‌ನ ದಾಖಲೆ ಇಡಲು ಶುರು ಮಾಡಿದ್ದೇ 2008ರ 1.5 ಆವೃತ್ತಿಯಿಂದ. ಅದಕ್ಕೂ ಮುಂಚಿನವು ಸಾಮಾನ್ಯ ಕಮಿಟ್‌ಗಳಂತೆ ಬರುತ್ತವೆ. ಬರಲಿ ಬಿಡಿ. ಊಹೆಯ ಮೇಲೆ ಮರ್ಜ್ ಹೊಲಿಯಬೇಡಿ.

ಶುಚಿ ಮಾಡುವುದು

ಪರಿವರ್ತನೆಯಿಂದ ಬಂದ ರೆಪೊಸಿಟರಿಯನ್ನು ಮುಟ್ಟಬೇಡಿ. ಅದರ ಹೊಸ ಕ್ಲೋನ್ (ಇತಿಹಾಸ ಸಹಿತ ನಕಲು) ಮಾಡಿ, ಅದರ ಮೇಲೆ ಗಿಟ್ ಫಿಲ್ಟರ್ ರೆಪೊ ಓಡಿಸಿ. ಹಳೆಯ ಫಿಲ್ಟರ್ ಬ್ರ್ಯಾಂಚ್ ಆಜ್ಞೆಯನ್ನು ಬಿಟ್ಟು ಇದನ್ನು ಬಳಸಿ ಎಂದು ಗಿಟ್‌ನ ಕೈಪಿಡಿಯೇ ಸಲಹೆ ಮಾಡುತ್ತದೆ. ಇದರ ಅನಲೈಸ್ ಆಯ್ಕೆ ಮೊದಲು ಓಡಿಸಿದರೆ ಯಾವ ಕಡತ ಎಷ್ಟು ಜಾಗ ತಿಂದಿದೆ ಎಂಬ ವರದಿ ಸಿಗುತ್ತದೆ.

ಆ ವರದಿಯ ಮೇಲ್ತುದಿಯಲ್ಲಿ ಸಾಮಾನ್ಯವಾಗಿ ಡೇಟಾಬೇಸ್ ಬ್ಯಾಕಪ್, ಇನ್‌ಸ್ಟಾಲರ್, ಯಾರದೋ ಝಿಪ್ ಕಡತ ಇರುತ್ತವೆ. ಸಬ್‌ವರ್ಶನ್‌ನಲ್ಲಿ ಅವು ಸರ್ವರಿನಲ್ಲಿ ಕೂತಿದ್ದವು, ಗಿಟ್‌ನಲ್ಲಿ ಪ್ರತಿ ಕ್ಲೋನ್‌ಗೂ ಬರುತ್ತವೆ. ಗಿಟ್‌ಹಬ್ 100 ಎಂಬಿ ಮೀರಿದ ಕಡತವಿರುವ ಪುಶ್ ಅನ್ನು (ಸರ್ವರಿಗೆ ಕಮಿಟ್‌ಗಳನ್ನು ಕಳುಹಿಸುವುದನ್ನು) ಒಪ್ಪುವುದೇ ಇಲ್ಲ, ಹಳೆಯ ಯಾವುದೋ ಕಮಿಟ್‌ನಲ್ಲಿದ್ದು ಆಮೇಲೆ ಅಳಿಸಿದ್ದರೂ ಅಷ್ಟೇ. ತೆಗೆಯುವ ಕಡತಗಳನ್ನು ಒಂದೊಂದಾಗಿ ನೋಡಿ ತೀರ್ಮಾನಿಸಿ. ಹಳೆಯ ಬಿಡುಗಡೆಯನ್ನು ಮತ್ತೆ ಕಟ್ಟಲು ಬೇಕಾದ ಲೈಬ್ರರಿ ಕಡತ ದೊಡ್ಡದಾದರೂ ಉಳಿಯಲಿ. ತೆಗೆದವುಗಳ ಪಟ್ಟಿಯನ್ನು ಬರೆದಿಡಿ. ಪಾಸ್‌ವರ್ಡ್ ಕಂಡರೆ ಟೆಕ್ಸ್ಟ್ ಬದಲಿಸುವ ಆಯ್ಕೆಯಿಂದ ಅಳಿಸಿ, ಮತ್ತು ಆ ಪಾಸ್‌ವರ್ಡನ್ನೇ ಅಂದೇ ಬದಲಿಸಿ. ಇತಿಹಾಸದಿಂದ ಅಳಿಸಿದ ಮಾತ್ರಕ್ಕೆ ಅದು ಗುಟ್ಟಾಗುವುದಿಲ್ಲ.

ಸಂದೇಶಗಳಲ್ಲಿ ತಿದ್ದಬೇಕಾದದ್ದು ಆಕಾರವಷ್ಟೇ. ಗಿಟ್ ಮೊದಲ ಸಾಲನ್ನು ಶೀರ್ಷಿಕೆಯಾಗಿ ನೋಡುತ್ತದೆ, ಆಮೇಲೆ ಒಂದು ಖಾಲಿ ಸಾಲು ಬಯಸುತ್ತದೆ. ಸಬ್‌ವರ್ಶನ್‌ನಲ್ಲಿ ಆ ರೂಢಿ ಇರಲಿಲ್ಲವಾದ್ದರಿಂದ ಐದಾರು ಸಾಲಿನ ಸಂದೇಶ ಪೂರ್ತಿಯಾಗಿ ಶೀರ್ಷಿಕೆಯೊಳಗೆ ನುಗ್ಗಿ ಒಂದೇ ಸಾಲಿನ ಲಾಗ್ ಓದಲಾಗದಂತಾಗುತ್ತದೆ. ಮೊದಲ ಸಾಲಿನ ನಂತರ ಖಾಲಿ ಸಾಲು ಸೇರಿಸುವುದು, ಉದ್ದದ ಗುರುತಿನ ಸಾಲನ್ನು ಚಿಕ್ಕದು ಮಾಡುವುದು, ಸಾಲಿನ ಕೊನೆಯ ಖಾಲಿ ಜಾಗ ತೆಗೆಯುವುದು ಇವನ್ನು ಸಂದೇಶದ ಕಾಲ್‌ಬ್ಯಾಕ್‌ನಲ್ಲಿ ಹತ್ತು ಸಾಲಿನ ಪೈಥಾನ್ ಬರೆದು ಮುಗಿಸಬಹುದು. ‘ಫಿಕ್ಸ್’ ಎಂಬ ಒಂದೇ ಪದದ ಸಂದೇಶ ಹಾಗೆಯೇ ಇರಲಿ. ಅವರು ಏನು ಯೋಚಿಸಿದ್ದರು ಎಂದು ನಮಗೆ ಗೊತ್ತಿಲ್ಲ, ಗೊತ್ತಿದ್ದಂತೆ ಬರೆದರೆ ಅದು ಸುಳ್ಳು ದಾಖಲೆ. ಹತ್ತು ಸಣ್ಣ ಕಮಿಟ್‌ಗಳನ್ನು ಒಂದಕ್ಕೆ ಹಿಸುಕುವುದೂ ಬೇಡ.

ಸಾಲಿನ ಅಂತ್ಯದ ಚಿಹ್ನೆಗಳನ್ನು ಇತಿಹಾಸದುದ್ದಕ್ಕೂ ಬದಲಿಸುವ ಆಸೆ ಬರುತ್ತದೆ. ನನ್ನ ಅನುಭವದಲ್ಲಿ ಸ್ಥಳಾಂತರದ ನಂತರ ಗಿಟ್ ಆಟ್ರಿಬ್ಯೂಟ್ಸ್ ಕಡತ ಸೇರಿಸಿ, ಒಂದೇ ಕಮಿಟ್‌ನಲ್ಲಿ ಎಲ್ಲವನ್ನೂ ಸರಿಪಡಿಸುವುದು ಸುರಕ್ಷಿತ. ಆ ಕಮಿಟ್‌ನ ಹ್ಯಾಶ್ ಅನ್ನು ಬ್ಲೇಮ್ ಬಿಟ್ಟುಬಿಡಬೇಕಾದ ಕಮಿಟ್‌ಗಳ ಪಟ್ಟಿಗೆ ಸೇರಿಸಿ. 2019ರ ಗಿಟ್ 2.23ರಿಂದ ಈ ಸೌಲಭ್ಯವಿದೆ. ಆಗ ಬ್ಲೇಮ್ ಆ ಕಮಿಟ್ ದಾಟಿ ನಿಜವಾಗಿ ಬರೆದವರನ್ನು ತೋರಿಸುತ್ತದೆ. ಕನ್ನಡದ ಯೋಜನೆಗಳಿಗೆ ಇದು ಇನ್ನೊಂದು ಕಡೆ ನೆರವಾಗುತ್ತದೆ. ನುಡಿ, ಬರಹದ ಹಳೆಯ ಫಾಂಟ್ ಸಂಕೇತಗಳಲ್ಲಿ ಬರೆದ ಪಠ್ಯ ಕಡತಗಳಿದ್ದರೆ, ಯೂನಿಕೋಡಿಗೆ ತಿರುಗಿಸುವ ಕೆಲಸವನ್ನೂ ಹೀಗೆಯೇ ಪ್ರತ್ಯೇಕ ಕಮಿಟ್ ಮಾಡಿ ಅದೇ ಪಟ್ಟಿಗೆ ಸೇರಿಸಿ.

ಸಬ್‌ವರ್ಶನ್‌ನ ಇಗ್ನೋರ್ ಗುಣಗಳನ್ನು ಗಿಟ್ ಎಸ್‌ವಿಎನ್‌ನ ಶೋ ಇಗ್ನೋರ್ ಬರೆದುಕೊಡುತ್ತದೆ. ಎಕ್ಸ್‌ಟರ್ನಲ್ಸ್ (ಬೇರೆ ಜಾಗದ ಕೋಡನ್ನು ಎಳೆದು ತರುವ ಕೊಂಡಿಗಳು) ತಾನಾಗಿ ಬರುವುದಿಲ್ಲ. ಸಬ್‌ಮಾಡ್ಯೂಲ್ ಮಾಡಬೇಕೋ, ಪ್ಯಾಕೇಜ್ ಆಗಿ ತರಿಸಿಕೊಳ್ಳಬೇಕೋ ನೀವೇ ತೀರ್ಮಾನಿಸಬೇಕು. ಖಾಲಿ ಫೋಲ್ಡರನ್ನು ಗಿಟ್ ನೆನಪಿಡುವುದಿಲ್ಲ. ಬಿಲ್ಡ್‌ಗೆ ಅದು ಬೇಕಿದ್ದರೆ ಒಳಗೊಂದು ಪುಟ್ಟ ಕಡತ ಇಡಿ.

ತಾಳೆ ನೋಡುವುದು

ಟ್ರಂಕ್‌ನ ಕೊನೆಯ ಸ್ಥಿತಿಯನ್ನು ಎಸ್‌ವಿಎನ್ ಎಕ್ಸ್‌ಪೋರ್ಟ್ ಮಾಡಿ, ಗಿಟ್‌ನ ಮುಖ್ಯ ಬ್ರ್ಯಾಂಚಿನ ಜೊತೆ ಫೋಲ್ಡರ್ ಪೂರ್ತಿ ಡಿಫ್ ನೋಡಿ. ಕೀವರ್ಡ್‌ಗಳನ್ನು (ದಿನಾಂಕ, ರಿವಿಷನ್ ಸಂಖ್ಯೆಗಳನ್ನು ತಾನಾಗಿ ತುಂಬುವ ಗುರುತುಗಳನ್ನು) ವಿಸ್ತರಿಸಬೇಡ ಎಂಬ ಆಯ್ಕೆ ಕೊಡಿ, ಇಲ್ಲದಿದ್ದರೆ ಪ್ರತಿ ಕಡತದ ತಲೆಯಲ್ಲೂ ವ್ಯತ್ಯಾಸ ತೋರುತ್ತದೆ. ಇದನ್ನೇ ಪ್ರತಿ ಟ್ಯಾಗ್‌ಗೂ ಮಾಡಿ. ಉಳಿಯುವ ಒಂದೊಂದು ವ್ಯತ್ಯಾಸಕ್ಕೂ, ನೀವಾಗಿ ತೆಗೆದ ಕಡತ ಎಂಬಂತೆ, ನಿಮ್ಮ ಬಳಿ ಬರೆದಿಟ್ಟ ಕಾರಣ ಇರಬೇಕು. ಗಿಟ್ ಶಾರ್ಟ್‌ಲಾಗ್‌ನಲ್ಲಿ ಲೇಖಕರ ಪಟ್ಟಿ ತೆಗೆದು ಹಳಬರಿಗೆ ತೋರಿಸಿ. ಫಿಲ್ಟರ್ ರೆಪೊ ತನ್ನ ಫೋಲ್ಡರಿನಲ್ಲಿ ಹಳೆಯ ಹ್ಯಾಶ್, ಹೊಸ ಹ್ಯಾಶ್‌ಗಳ ನಕ್ಷೆಯ ಕಡತ ಬಿಟ್ಟಿರುತ್ತದೆ, ಅದನ್ನು ಕಾಪಾಡಿ.

ಆಮೇಲೆ ತಂಡದ ಪ್ರತಿಯೊಬ್ಬರಿಗೂ ಅವರಿಗೆ ಚೆನ್ನಾಗಿ ಗೊತ್ತಿರುವ ಮೂರು ಕಡತ ಕೊಟ್ಟು ಹಳೆಯ ಬ್ಲೇಮ್, ಹೊಸ ಬ್ಲೇಮ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಲು ಹೇಳಿ. ಸ್ಕ್ರಿಪ್ಟ್ ಹಿಡಿಯದ ತಪ್ಪುಗಳನ್ನು ಕಣ್ಣು ಹಿಡಿಯುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳಿದ್ದರೆ ಗಿಟ್ ಸ್ಟೇಟಸ್ ಅವನ್ನು ಬ್ಯಾಕ್‌ಸ್ಲ್ಯಾಶ್‌ಗಳ ನಡುವೆ 340, 262 ಎಂಬ ಅಂಕಿಗಳ ಸಾಲಾಗಿ ತೋರಿಸಬಹುದು. ಹೆಸರು ಕೆಟ್ಟಿಲ್ಲ. ಕನ್ನಡದ ಪ್ರತಿ ಅಕ್ಷರ ಸಂಕೇತವೂ ಯುಟಿಎಫ್-8ರಲ್ಲಿ ಮೂರು ಬೈಟ್. ಆ ಬೈಟ್‌ಗಳನ್ನೇ ಅಷ್ಟಮಾನದಲ್ಲಿ ಬರೆದಿದೆ. ಕೋರ್ ವಿಭಾಗದ ಕ್ವೋಟ್‌ಪಾತ್ ಆಯ್ಕೆಯನ್ನು ‘ಫಾಲ್ಸ್’ ಎಂದು ಇಟ್ಟರೆ ಹೆಸರು ಕನ್ನಡದಲ್ಲೇ ಕಾಣುತ್ತದೆ. ಇನ್ನೊಂದು ಸೂಕ್ಷ್ಮ: ‘ಕೋಶ’ದ ಓತ್ವವನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿದ ತುಂಡುಗಳಾಗಿಯೂ ಬರೆಯಬಹುದು. ಹಳೆಯ ಮ್ಯಾಕ್ ಯಂತ್ರಗಳು ಬಿಡಿಸಿ ಇಡುತ್ತಿದ್ದವು. ಕಣ್ಣಿಗೆ ಒಂದೇ ಹೆಸರಾಗಿ ಕಾಣುವ ಎರಡು ಕಡತ ಸಿಕ್ಕರೆ ಕಾರಣ ಇದೇ ಇರಬಹುದು.

ಬದಲಾವಣೆಯ ದಿನ

ಶುಕ್ರವಾರ ಸಂಜೆ ಸಬ್‌ವರ್ಶನ್‌ನ ಟ್ರಂಕ್‌ನಲ್ಲಿ ಹೊಸ ವಿಳಾಸ ಹೇಳುವ ಕೊನೆಯ ಕಮಿಟ್ ಹಾಕಿ. ಪ್ರಿ ಕಮಿಟ್ ಹುಕ್‌ನಿಂದ ಬರೆಯುವುದನ್ನು ನಿಲ್ಲಿಸಿ, ಓದುವುದು ತೆರೆದಿರಲಿ. ನಕಲನ್ನು ಕೊನೆಯ ಸಲ ಸಿಂಕ್ ಮಾಡಿ, ಸ್ಕ್ರಿಪ್ಟನ್ನು ಮೊದಲಿನಿಂದ ಓಡಿಸಿ, ತಾಳೆಯ ಹೆಜ್ಜೆಗಳನ್ನು ಪೂರ್ತಿಯಾಗಿ ಮಾಡಿ, ಆಮೇಲೆ ಪುಶ್ ಮಾಡಿ. ಮುಖ್ಯ ಬ್ರ್ಯಾಂಚಿಗೆ ಫೋರ್ಸ್ ಪುಶ್ (ಇರುವ ಇತಿಹಾಸದ ಮೇಲೆಯೇ ಬರೆದುಬಿಡುವ ಪುಶ್) ಆಗದಂತೆ ರಕ್ಷಣೆ ಹಾಕಿ. ತಾಳೆಯಲ್ಲಿ ವಿವರಿಸಲಾಗದ ವ್ಯತ್ಯಾಸ ಒಂದು ಕಂಡರೂ ಹುಕ್ ತೆಗೆದು ಸಬ್‌ವರ್ಶನ್‌ಗೆ ಮರಳಿ, ಮುಂದಿನ ವಾರ ಮತ್ತೆ ಪ್ರಯತ್ನಿಸಿ. ನಾನು ಒಮ್ಮೆ ಹಾಗೆ ಮರಳಿದ್ದೇನೆ, ಯಾರೂ ಬೈಯಲಿಲ್ಲ.

ಅಭ್ಯಾಸದ ಓಟಗಳಲ್ಲಿ ಹುಟ್ಟಿದ ಗಿಟ್ ರೆಪೊಸಿಟರಿಯನ್ನು ಯಾರಾದರೂ ಕ್ಲೋನ್ ಮಾಡಿಕೊಂಡಿದ್ದರೆ ಸೋಮವಾರದೊಳಗೆ ಅಳಿಸಿಸಿ. ಅದರ ಹ್ಯಾಶ್‌ಗಳೇ ಬೇರೆ. ಅಲ್ಲಿಂದ ಒಂದು ಬ್ರ್ಯಾಂಚ್ ಪುಶ್ ಆಗಿ ವಿಲೀನವಾದರೆ ಇಡೀ ಇತಿಹಾಸ ಎರಡೆರಡು ಸಲ ಕಾಣುತ್ತದೆ, ಬಿಡಿಸುವುದು ಬಹಳ ಕಷ್ಟ.

ಮೊದಲ ವಾರಗಳಲ್ಲಿ ಸಬ್‌ವರ್ಶನ್‌ನ ಕೈರೂಢಿ ಹಾಗೆಯೇ ಇರುತ್ತದೆ. ಎಸ್‌ವಿಎನ್ ಅಪ್‌ಡೇಟ್ ಮಾಡಿದಂತೆ ದಿನಕ್ಕೆ ನಾಲ್ಕು ಸಲ ಗಿಟ್ ಪುಲ್ ಮಾಡುತ್ತಾರೆ, ತಮ್ಮ ಕಮಿಟ್‌ಗಳೂ ಇದ್ದು ಪುಲ್ ಮರ್ಜ್ ಮಾಡುವಂತಿದ್ದರೆ ಅರ್ಥವಿಲ್ಲದ ಒಂದು ಮರ್ಜ್ ಕಮಿಟ್ ಹುಟ್ಟಿ ಲಾಗ್ ಹೆಣೆದುಕೊಳ್ಳುತ್ತದೆ. ಪುಲ್ ಮಾಡುವಾಗ ರಿಬೇಸ್ (ನಮ್ಮ ಕಮಿಟ್‌ಗಳನ್ನು ಬಂದವುಗಳ ಮೇಲೆ ಮತ್ತೆ ಜೋಡಿಸುವುದು) ಆಗಲಿ ಎಂಬ ಸೆಟ್ಟಿಂಗನ್ನು ಎಲ್ಲರ ಯಂತ್ರದಲ್ಲೂ ಮೊದಲ ದಿನವೇ ಹಾಕಿಸಿ, ಪಕ್ಕದಲ್ಲಿ ಕುಳಿತು ಒಮ್ಮೆ ಮಾಡಿ ತೋರಿಸಿ.

ಸಬ್‌ವರ್ಶನ್‌ನ ಪೂರ್ಣ ಡಂಪ್, ಲೇಖಕರ ಪಟ್ಟಿ, ಪರಿವರ್ತನೆಯ ಸ್ಕ್ರಿಪ್ಟ್, ತೆಗೆದ ಕಡತಗಳ ಪಟ್ಟಿ, ಹ್ಯಾಶ್ ನಕ್ಷೆ: ಇವೈದನ್ನೂ ಒಂದು ಕಡೆ ಸೇರಿಸಿ, ಚೆಕ್‌ಸಮ್ ಬರೆದು, ಎರಡು ಬೇರೆ ಬೇರೆ ಜಾಗದಲ್ಲಿ ಇಡಿ. ಎಲ್ಲಿ ಇಟ್ಟಿದ್ದೀರಿ ಎಂಬುದನ್ನು ಹೊಸ ರೆಪೊಸಿಟರಿಯ ರೀಡ್‌ಮಿ ಕಡತದಲ್ಲಿ ಬರೆಯಿರಿ. ಹಳೆಯ ಸರ್ವರನ್ನು ನಿಲ್ಲಿಸುವ ಮುನ್ನ ಆ ಡಂಪನ್ನು ಬೇರೆ ಯಂತ್ರದಲ್ಲಿ ಒಮ್ಮೆ ತೆರೆದು, ಅದು ತೆರೆಯುತ್ತದೆ ಎಂದು ಕಣ್ಣಾರೆ ನೋಡಿ.